ನೋವು ಹೋಯ್ತು, ಕಾಲು ಇನ್ನೂ ವಾಸಿಯಾಗಿಲ್ಲ

ಸಾವನದುರ್ಗ ಹತ್ತುವಾಗ ಮಂಡಿಯ ಬಗ್ಗೆ ಯಾರೂ ಮಾತಾಡಲ್ಲ. ಇಳಿಯುವಾಗ ಎಲ್ಲರೂ ಮಾತಾಡ್ತಾರೆ. ಸೋಮವಾರ ಬೆಳಗ್ಗೆ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕು, ಮಂಗಳವಾರ ಇನ್ನೂ ಜಾಸ್ತಿ, ಗುರುವಾರದ ಹೊತ್ತಿಗೆ ಎಲ್ಲ ಮರೆತು ಮುಂದಿನ ಭಾನುವಾರ ಎಲ್ಲಿಗೆ ಅಂತ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಶುರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ಊರಿನ ಸುತ್ತ ಮೈ ದಣಿಸಿಕೊಳ್ಳೋಕೆ ಜಾಗಕ್ಕೇನೂ ಬರ ಇಲ್ಲ. ‘ಶೋಲೆ’ ಸಿನಿಮಾದ ಬಂಡೆಗಳಲ್ಲಿ ಈಗ ಹಗ್ಗ ಕಟ್ಟಿಕೊಂಡು ಹತ್ತುವವರಿದ್ದಾರೆ. ಕಬ್ಬಾಳದುರ್ಗಕ್ಕೆ ಹರಕೆ ಹೊತ್ತವರೂ ಹೋಗ್ತಾರೆ, ಚಾರಣದವರೂ ಹೋಗ್ತಾರೆ. ಕಣ್ವ, ಮಂಚನಬೆಲೆ ಕಡೆ ಸೈಕಲ್‌ಗಳು. ಹಳ್ಳಿಗಳಲ್ಲಿ ಲೈಟ್ ಹಾಕಿ ರಾತ್ರಿಯೆಲ್ಲ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟು. ಆದರೆ ಹೀಗೆ ಆಡುವ ಬಹುತೇಕರು ವಾರದ ಐದು ದಿನ ಕುರ್ಚಿಯಲ್ಲಿ ಕೂತವರು. ಬೆಂಗಳೂರಿಗೆ ಹೋಗಿಬರೋ ರೈಲಿನಲ್ಲೋ ಬಸ್ಸಲ್ಲೋ ಎರಡು ಮೂರು ಗಂಟೆ, ಆಫೀಸಿನಲ್ಲಿ ಒಂಬತ್ತು ಗಂಟೆ. ಐದು ದಿನ ಕೂತ ದೇಹದಿಂದ ಆರನೇ ದಿನ ಹನುಮಂತನ ಕೆಲಸ ಮಾಡಿಸಿದರೆ ಎಲ್ಲೋ ಒಂದು ಕಡೆ ‘ಟಕ್’ ಅನ್ನುತ್ತೆ.

ಆ ‘ಟಕ್’ ಆದ ಮೇಲೆ ನಡೆಯೋದು ಹೆಚ್ಚುಕಮ್ಮಿ ಎಲ್ಲರ ಮನೆಯಲ್ಲೂ ಒಂದೇ ತರ. ಮೊದಲ ದಿನ ಸ್ಪ್ರೇ ಮತ್ತು ಮುಲಾಮು. ಎರಡನೇ ದಿನ ಅಜ್ಜಿಯ ಸಲಹೆಯಂತೆ ಉಳುಕು ತೆಗೆಯುವವರ ಹತ್ತಿರ. ಊತ ಇಳಿಯದಿದ್ದರೆ ಮೂಳೆ ಡಾಕ್ಟರು, ಎಕ್ಸ್‌ರೇ, ‘ಮೂಳೆಗೆ ಏನೂ ಆಗಿಲ್ಲ’ ಎಂಬ ಸಮಾಧಾನ, ಐದು ದಿನದ ಮಾತ್ರೆ, ಕೊನೆಯಲ್ಲಿ ಚೀಟಿಯ ಮೂಲೆಯಲ್ಲಿ ‘ಫಿಸಿಯೊಥೆರಪಿ’ ಎಂಬ ಒಂದು ಪದ. ಫಿಸಿಯೊ ಹತ್ತಿರ ಹೋದರೆ ಹತ್ತು ಸಿಟ್ಟಿಂಗ್ ಅಂತಾರೆ. ಮೂರನೆಯದಕ್ಕೆ ನೋವು ಕಮ್ಮಿ ಆಗುತ್ತೆ. ನಾಲ್ಕನೆಯದಕ್ಕೆ ನಾವು ಹೋಗಲ್ಲ. ಎರಡು ತಿಂಗಳು ಬಿಟ್ಟು ಅದೇ ಕಾಲು, ಅದೇ ಜಾಗ, ಮತ್ತೆ ‘ಟಕ್’.

ಈ ಎರಡನೇ ಸಲದ ಪೆಟ್ಟೇ ಆಟ ಬಿಡಿಸೋದು.

ಗೂಡಿನ ಎಳೆ, ನೂಲಿನ ಎಳೆ

ನೋವಿಗೂ ವಾಸಿಗೂ ಲೆಕ್ಕ ಬೇರೆ ಬೇರೆ. ಪಾದದ ಗಂಟು ಹೊರಳಿದರೆ ನೋವು, ಊತ ಒಂದೆರಡು ವಾರದಲ್ಲಿ ಬಹುಪಾಲು ಇಳಿಯುತ್ತೆ. ಆದರೆ ಹರಿದ ಲಿಗಮೆಂಟು, ಅಂದರೆ ಮೂಳೆಗೆ ಮೂಳೆ ಹಿಡಿದಿಡುವ ಪಟ್ಟಿ, ಗಟ್ಟಿಯಾಗೋಕೆ ತಿಂಗಳುಗಳು ಬೇಕು. ದೇಹ ಮೊದಲು ಹರಿದ ಜಾಗಕ್ಕೆ ಕೊಲಾಜೆನ್ ಎಂಬ ನಾರನ್ನು ಸಿಕ್ಕಾಪಟ್ಟೆ ತುಂಬುತ್ತದೆ. ಅದು ಅಡ್ಡಾದಿಡ್ಡಿ ನಾರು, ಸಿಕ್ಕುಸಿಕ್ಕಾಗಿರುತ್ತೆ. ರಾಮನಗರದವರಿಗೆ ಇದನ್ನು ಹೇಳೋದು ಸುಲಭ: ರೇಷ್ಮೆ ಗೂಡಿನಲ್ಲಿ ಎಳೆ ಇರುತ್ತೆ ನಿಜ, ಆದರೆ ಗೂಡಿನಿಂದ ಸೀರೆ ನೇಯೋಕೆ ಆಗಲ್ಲ. ಬಿಚ್ಚಿ, ಎಳೆದು, ಒಂದೇ ದಿಕ್ಕಿಗೆ ಸುತ್ತಿದರೆ ಮಾತ್ರ ನೂಲು.

ಗಾಯದ ನಾರನ್ನು ಒಂದೇ ದಿಕ್ಕಿಗೆ ತರುವ ಕೆಲಸ ಮುಲಾಮಿನಿಂದ ಆಗಲ್ಲ, ಬರೀ ರೆಸ್ಟಿನಿಂದಲೂ ಆಗಲ್ಲ. ಅದರ ಮೇಲೆ ಹಿತಮಿತವಾಗಿ ಭಾರ ಬೀಳಬೇಕು, ಆ ಭಾರ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಬೇಕು. ಫಿಸಿಯೊಥೆರಪಿಯ ಹೂರಣ ಇಷ್ಟೇ. ಉಳಿದ ಮಸಾಜು, ಟೇಪು, ಮಷಿನ್ನು ಎಲ್ಲ ಹೋಳಿಗೆಯ ಮೇಲಿನ ತುಪ್ಪ.

ದುಡ್ಡು, ಡಾಕ್ಟರು ಎಲ್ಲ ಕೈಗೆಟಕುವಷ್ಟು ಹತ್ತಿರ ಇರುವವರಿಗೂ ಈ ಕಾಲದ ಲೆಕ್ಕ ತಪ್ಪಲ್ಲ. ನಮ್ಮ ಕೆ.ಎಲ್. ರಾಹುಲ್ ಅವರನ್ನೇ ನೋಡಿ. 2023ರ ಮೇ 1ರಂದು ಲಖನೌನಲ್ಲಿ ಆರ್‌ಸಿಬಿ ವಿರುದ್ಧದ ಐಪಿಎಲ್ ಪಂದ್ಯದಲ್ಲಿ ಬೌಂಡರಿಯತ್ತ ಹೋಗುತ್ತಿದ್ದ ಚೆಂಡಿನ ಹಿಂದೆ ಓಡುವಾಗ ತೊಡೆ ಹಿಡಿದುಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ಜೂನ್‌ನ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ತಪ್ಪಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿದರು. ಏಷ್ಯಾ ಕಪ್ ತಂಡದಲ್ಲಿ ಹೆಸರು ಬಂದ ಮೇಲೂ ಸಣ್ಣ ತೊಂದರೆ ಕಂಡಿತೆಂದು ಮೊದಲೆರಡು ಪಂದ್ಯಗಳಿಗೆ ಹೊರಗಿಟ್ಟರು. ಕೊನೆಗೆ ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಕಣಕ್ಕಿಳಿದು, ಮಳೆಯಿಂದ ಮರುದಿನಕ್ಕೆ ಹೋದ ಪಂದ್ಯದಲ್ಲಿ ಔಟಾಗದೆ 111 ರನ್ ಹೊಡೆದರು, ವಿಕೆಟ್ ಕೂಡ ಕಾದರು. ನಾವೆಲ್ಲ ನೋಡಿದ್ದು ಆ 111 ಮಾತ್ರ. ಅದರ ಹಿಂದೆ ನಾಲ್ಕು ತಿಂಗಳು ಇತ್ತು. ಪ್ರಸಿದ್ಧ ಕೃಷ್ಣ ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್‌ನಿಂದಾಗಿ ಒಂದು ವರ್ಷವೇ ಹೊರಗಿದ್ದರು. ಕಾರು ಅಪಘಾತದಲ್ಲಿ ಮಂಡಿ ಹರಿದುಕೊಂಡ ರಿಷಭ್ ಪಂತ್ ಪಂದ್ಯಕ್ಕೆ ಮರಳಲು ಸುಮಾರು 15 ತಿಂಗಳು ಹಿಡಿಯಿತು, ಅವರ ಪುನಶ್ಚೇತನವೂ ಬಹುಪಾಲು ಬೆಂಗಳೂರಿನಲ್ಲೇ. ಹೀಗಿರುವಾಗ ಮೂರು ಸಿಟ್ಟಿಂಗ್‌ಗೆ ನಾವು ಗೆದ್ದೆವು ಅಂದುಕೊಳ್ಳೋದು ಸ್ವಲ್ಪ ಜಾಸ್ತಿಯೇ ಆಯ್ತು.

ಉಳುಕು ತೆಗೆಸಬೇಕಾ?

ಇದನ್ನು ಬರೆಯದೆ ಮುಂದೆ ಹೋಗೋಕೆ ಆಗಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಹಿಡಿದ ಸೊಂಟ ಬಿಡುತ್ತೆ ಎಂಬ ನಂಬಿಕೆಯಿಂದ ಹಿಡಿದು, ಊರೂರಲ್ಲೂ ಕಾಣುವ ‘ಪುತ್ತೂರು ಕಟ್ಟು’ ಬೋರ್ಡಿನವರೆಗೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. (ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ, ತಿರುಪತಿ ಹತ್ತಿರದ್ದು.) ಎಲ್ಲರನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕೋದು ನನಗಿಷ್ಟವಿಲ್ಲ. ಡಾಕ್ಟರು ಇಲ್ಲದ ಕಾಲದಲ್ಲಿ ಎಷ್ಟೋ ಕೈಕಾಲು ಉಳಿಸಿದವರು ಅವರು. ಆದರೆ ಎರಡು ವಿಷಯದಲ್ಲಿ ರಾಜಿ ಬೇಡ. ಎಕ್ಸ್‌ರೇ ಇಲ್ಲದೆ ಊದಿದ ಕಾಲನ್ನು ಎಳೆಸಿ ತಿರುಗಿಸಿಕೊಳ್ಳಬೇಡಿ, ಒಳಗೆ ಬಿರುಕು ಇದ್ದರೆ ಅದು ಜರುಗಿಹೋಗಬಹುದು. ಇನ್ನು, ಬಿದಿರು ಪಟ್ಟಿಯ ಕಟ್ಟು ಬಿಗಿಯಾಗಿ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬಣ್ಣ ಕಪ್ಪಿಟ್ಟರೆ ಆ ಕ್ಷಣವೇ ಬಿಚ್ಚಿಸಿ ಆಸ್ಪತ್ರೆಗೆ ಓಡಿ. ರಕ್ತ ಓಡಾಟ ನಿಂತು ಕೈಕಾಲನ್ನೇ ಕಳೆದುಕೊಂಡವರಿದ್ದಾರೆ.

ಎಕ್ಸ್‌ರೇ ಬೇಕೋ ಬೇಡವೋ ಎಂದು ತಿಳಿಯೋಕೆ ಒಂದು ಸರಳ ದಾರಿ ಇದೆ. ಕೆನಡಾದ ಆಟವಾದಲ್ಲಿ ವೈದ್ಯರು 1992ರಲ್ಲಿ ರೂಪಿಸಿದ್ದು, ಇವತ್ತಿಗೂ ಪ್ರಪಂಚದ ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ಬಳಕೆಯಲ್ಲಿದೆ. ಪೆಟ್ಟಾದ ತಕ್ಷಣವೂ, ಆಸ್ಪತ್ರೆಯಲ್ಲೂ ಆ ಕಾಲೂರಿ ನಾಲ್ಕು ಹೆಜ್ಜೆ ಇಡೋಕೆ ಆಗಲಿಲ್ಲವೇ? ಪಾದದ ಗಂಟಿನ ಎರಡೂ ಬದಿ ಉಬ್ಬಿರುವ ಮೂಳೆಯ ತುದಿಯಲ್ಲೋ ಹಿಂಬದಿ ಅಂಚಿನಲ್ಲೋ ಒತ್ತಿದರೆ ಜೀವ ಹೋಗುವಷ್ಟು ನೋವೇ? ಪಾದದ ಹೊರ ಅಂಚಿನ ನಡುಮೂಳೆಯನ್ನು, ಇಲ್ಲವೇ ಒಳಬದಿ ಕಮಾನಿನ ಮೇಲಿನ ಮೂಳೆಯನ್ನು ಒತ್ತಿದರೆ ನೋವೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದರೂ ಎಕ್ಸ್‌ರೇ ತೆಗೆಸಿ. ಮಂಡಿಯಲ್ಲಿ ‘ಟಪ್’ ಅಂದು ಒಂದೆರಡು ಗಂಟೆಯಲ್ಲೇ ಬಲೂನಿನಂತೆ ಊದಿದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ ತಡ ಮಾಡದೆ ಮೂಳೆ ತಜ್ಞರ ಹತ್ತಿರ ಹೋಗಬೇಕು. ಬೆನ್ನುನೋವಿನ ಜೊತೆ ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅದು ರಾತ್ರೋರಾತ್ರಿ ಆಸ್ಪತ್ರೆಗೆ ಹೋಗುವ ವಿಚಾರ, ಬೆಳಗಾಗಲಿ ಅನ್ನಬೇಡಿ.

ಐಸ್ ವಿಷಯಕ್ಕೆ ಬರೋಣ. ರೆಸ್ಟ್, ಐಸ್, ಕಟ್ಟು, ಕಾಲು ಎತ್ತರ: ‘ರೈಸ್’ ಎಂಬ ಈ ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮರ್ಕಿನ್ 1978ರಲ್ಲಿ ಪುಸ್ತಕದಲ್ಲಿ ಬರೆದರು. ಎಲ್ಲ ಪಿಇ ಮೇಷ್ಟ್ರುಗಳೂ ಅದನ್ನೇ ಕಲಿಸಿದರು. 2014ರ ಹೊತ್ತಿಗೆ ಮರ್ಕಿನ್ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗೋದನ್ನು ನಿಧಾನ ಮಾಡಬಹುದು ಎಂದು ಮಾತು ಬದಲಿಸಿದರು. ಊತವೂ ರಿಪೇರಿಯ ಒಂದು ಭಾಗ ಎಂಬುದು ಈಗಿನ ತಿಳಿವಳಿಕೆ. ಮೊದಲ ದಿನ ನೋವು ತಡೆಯೋಕಾಗದಿದ್ದರೆ ಬಟ್ಟೆ ಸುತ್ತಿ ಹತ್ತು ನಿಮಿಷ ಐಸ್ ಇಡಿ, ತಪ್ಪಿಲ್ಲ. ಆದರೆ ಮೊದಲ ಎರಡು ಮೂರು ದಿನ ಬಿಸಿ ಶಾಖ, ಎಣ್ಣೆ ಹಚ್ಚಿ ಗಸಗಸ ಉಜ್ಜೋದು, ಎಣ್ಣೆ ಹೊಡೆಯೋದು (ಆ ಇನ್ನೊಂದು ಎಣ್ಣೆ) ಬೇಡ. ಮೂಳೆ ಮುರಿದಿಲ್ಲ ಅಂತಾದರೆ ಎರಡು ಮೂರು ದಿನದೊಳಗೇ ನೋವು ತಾಳುವಷ್ಟು ಹೆಜ್ಜೆ ಇಡಲು ಶುರು ಮಾಡಿ. ಮೂರು ವಾರ ಮಂಚ ಹಿಡಿದು ಮಲಗಿದರೆ ಕಾಲಿಗೆ ಸಿಗೋದು ರೆಸ್ಟ್ ಅಲ್ಲ, ಸಣಕಲು ಮೀನಖಂಡ.

ಮೆಟ್ಟಿಲಂಚಿನ 180

ಸ್ವೀಡನ್ನಿನಲ್ಲಿ ಹಾಕನ್ ಆಲ್ಫ್ರೆಡ್ಸನ್ ಎಂಬ ಮೂಳೆ ವೈದ್ಯರಿಗೆ ಹಿಮ್ಮಡಿಯ ಮೇಲಿನ ದಪ್ಪ ನರದಂಥ ಭಾಗ, ಅಂದರೆ ಅಕಿಲಿಸ್ ಟೆಂಡನ್, ವಿಪರೀತ ನೋಯುತ್ತಿತ್ತು. ಆಪರೇಷನ್ ಮಾಡಿ ಅಂತ ತಮ್ಮ ಮೇಲಧಿಕಾರಿಯನ್ನು ಕೇಳಿದರಂತೆ, ಅವರು ಒಪ್ಪಲಿಲ್ಲ. ಪೂರ್ತಿ ಹರಿದುಹೋದರೆ ಮಾಡಲೇಬೇಕಲ್ಲ ಎಂದು, ಹರಿಸಿಕೊಳ್ಳುವ ಹಟದಿಂದಲೇ ನೋಯುವ ಕಾಲಿಗೆ ಭಾರೀ ವ್ಯಾಯಾಮ ಶುರುಮಾಡಿದರು. ಹರಿಯಲಿಲ್ಲ, ವಾಸಿಯಾಯಿತು! ಕ್ರೀಡಾ ವೈದ್ಯರ ನಡುವೆ ಬಹಳ ಪ್ರಸಿದ್ಧವಾದ ಕತೆ ಇದು. 1998ರಲ್ಲಿ ಅವರು ಇದೇ ವ್ಯಾಯಾಮವನ್ನು 15 ಮಂದಿ ಓಟಗಾರರಿಗೆ ಮಾಡಿಸಿ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಮತ್ತೆ ಓಡಿದರು.

ಮಾಡೋದು ಹೀಗೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಲ್ಲಿ, ಕೈಗೆ ಗೋಡೆ ಇರಲಿ. ಚೆನ್ನಾಗಿರುವ ಕಾಲಿನ ಬಲದಿಂದ ಮೇಲೇರಿ, ಭಾರ ಪೂರ್ತಿ ನೋವಿರುವ ಕಾಲಿಗೆ ಹಾಕಿ, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನ ಇಳಿಸಿ. 15 ಸಲಕ್ಕೆ ಒಂದು ಸುತ್ತು, ಅಂಥ ಮೂರು ಸುತ್ತು ಮಂಡಿ ನೆಟ್ಟಗಿಟ್ಟು, ಮೂರು ಸುತ್ತು ಮಂಡಿ ಸ್ವಲ್ಪ ಬಗ್ಗಿಸಿ. ದಿನಕ್ಕೆರಡು ಹೊತ್ತು. ಒಟ್ಟು 180. ಹನ್ನೆರಡು ವಾರ. ಸುಲಭ ಅನ್ನಿಸಿದ ಮೇಲೆ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಪುಸ್ತಕ ತುಂಬಿ ಹೆಗಲಿಗೆ ಹಾಕಿಕೊಳ್ಳಿ. ಇದು ಅಕಿಲಿಸ್‌ನ ನಡುಭಾಗದ ಹಳೇ ನೋವಿಗೆ ಮಾತ್ರ. ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ನೋವಿದ್ದರೆ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿದರೆ ಹೆಚ್ಚಾಗಬಹುದು, ಅದಕ್ಕೇ ಮೊದಲು ಒಬ್ಬರು ನೋಡಿ ಹೇಳಬೇಕು ಅನ್ನೋದು. ಈಚೆಗೆ ಇಷ್ಟೇ ಸಂಖ್ಯೆ ಆಗಬೇಕೆಂದಿಲ್ಲ, ಕಡಿಮೆ ಸಲ ಹೆಚ್ಚು ಭಾರ ಹೊತ್ತು ನಿಧಾನ ಮಾಡಿದರೂ ಫಲ ಅಷ್ಟೇ ಚೆನ್ನಾಗಿದೆ ಅಂತ ಗೊತ್ತಾಗಿದೆ. ಬದಲಾಗದೆ ಇರೋದು ಆ ಹನ್ನೆರಡು ವಾರ.

ಮಾಡುವಾಗ ನೋವಾದರೆ ನಿಲ್ಲಿಸಬೇಕಾ? ಬಹಳ ಜನ ಎಡವೋದು ಇಲ್ಲೇ. ಫಿಸಿಯೊಗಳು ಹತ್ತಕ್ಕೆ ಎಷ್ಟು ಅಂತ ಕೇಳ್ತಾರೆ. ಟೆಂಡನ್ ವ್ಯಾಯಾಮದಲ್ಲಿ ಮೂರು ನಾಲ್ಕರವರೆಗೆ ನೋವಿದ್ದರೆ ಸಾಮಾನ್ಯವಾಗಿ ಮುಂದುವರಿಸಬಹುದು. ನಿಜವಾದ ತೀರ್ಪು ಮರುದಿನ ಬೆಳಗ್ಗೆ. ಹಾಸಿಗೆಯಿಂದ ಎದ್ದ ಮೊದಲ ಹೆಜ್ಜೆಗಳಲ್ಲಿ ನೋವು, ಬಿಗಿತ ನಿನ್ನೆಯಷ್ಟೇ ಇದ್ದರೆ ಡೋಸು ಸರಿ ಇದೆ. ಹೆಚ್ಚಾಗಿದ್ದರೆ ನಿಲ್ಲಿಸೋದು ಬೇಡ, ಒಂದು ಹೆಜ್ಜೆ ಹಿಂದೆ ಬನ್ನಿ.

ಇದಕ್ಕೆಲ್ಲ ಜಿಮ್ ಬೇಕಾಗಿಲ್ಲ. ಮೆಮು ರೈಲಿಗೆ ಪ್ಲಾಟ್‌ಫಾರ್ಮಿನಲ್ಲಿ ಕಾಯುವಾಗ ಹಿಮ್ಮಡಿ ಎತ್ತಿ ಇಳಿಸಬಹುದು. ಹಲ್ಲುಜ್ಜುವಾಗ ಒಂದೇ ಕಾಲಿನಲ್ಲಿ ನಿಲ್ಲಿ, ಸುಲಭವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಪಾದದ ಗಂಟು ಪದೇಪದೇ ಉಳುಕುವವರಿಗೆ ಈ ಸಮತೋಲನದ ಅಭ್ಯಾಸದಷ್ಟು ಅಗ್ಗದ ಔಷಧ ಬೇರೆ ಇಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿದರೆ ಎಳೆಯುವ ಬ್ಯಾಂಡು ಸಿದ್ಧ. ಮಾಗಡಿ, ಕನಕಪುರದವರಿಗೆ ರೈಲಿಲ್ಲ ಬಿಡಿ, ಬಸ್ ಸ್ಟ್ಯಾಂಡಿದೆ.

ಕರೆಂಟ್ ಕೊಟ್ಟರೆ ಸಾಕಾ?

ನಮ್ಮ ಕಡೆ ಫಿಸಿಯೊಥೆರಪಿ ಅಂದರೆ ಈಗಲೂ ‘ಕರೆಂಟ್ ಕೊಡೋದು’ ಅಂತಲೇ. ಪ್ಯಾಡ್ ಅಂಟಿಸಿ, ಜುಮ್ ಅನ್ನಿಸಿ, ಇಪ್ಪತ್ತು ನಿಮಿಷ ಮಲಗಿಸಿ ಕಳಿಸಿದರೆ ರೋಗಿಗೂ ಖುಷಿ, ದುಡ್ಡಿಗೆ ಏನೋ ಸಿಕ್ಕಿತು ಅನ್ನಿಸುತ್ತೆ. ಸ್ವಲ್ಪ ಹೊತ್ತು ನೋವು ಮರೆಸೋಕೆ ಅದು ಆಗಬಹುದು. ಅಲ್ಟ್ರಾಸೌಂಡ್ ಮಷಿನ್ನಿನಿಂದ ಉಳುಕು ಬೇಗ ವಾಸಿಯಾಗುತ್ತೆ ಅನ್ನೋದಕ್ಕಂತೂ ಆಧಾರ ತೀರಾ ದುರ್ಬಲ. ನನ್ನ ಅಳತೆಗೋಲು ಸರಳ: ಮೊದಲ ಭೇಟಿಯಲ್ಲಿ ನಿಮ್ಮನ್ನು ನಡೆಸಿ, ಕೂರಿಸಿ, ಒಂದು ಕಾಲಲ್ಲಿ ನಿಲ್ಲಿಸಿ ನೋಡಿದರಾ? ನೀವು ಆಡುವ ಆಟ ಯಾವುದು, ಕೆಲಸ ಏನು ಅಂತ ಕೇಳಿದರಾ? ಮನೆಯಲ್ಲಿ ಮಾಡೋಕೆ ವ್ಯಾಯಾಮ ಕೊಟ್ಟು, ಮುಂದಿನ ಸಲ ಅದನ್ನು ನಿಮ್ಮಿಂದ ಮಾಡಿಸಿ ನೋಡಿದರಾ? ಇಲ್ಲದಿದ್ದರೆ ಬೇರೆಯವರನ್ನು ಹುಡುಕಿ. ಓದಿದ್ದು ಬಿಪಿಟಿಯೋ ಎಂಪಿಟಿಯೋ ಎಂದು ಕೇಳೋಕೆ ಸಂಕೋಚ ಬೇಡ. ಫಿಸಿಯೊಥೆರಪಿ ಸೇರಿ ಹಲವು ಆರೋಗ್ಯ ವೃತ್ತಿಗಳ ಶಿಕ್ಷಣ, ನೋಂದಣಿಗೆಂದೇ ಕೇಂದ್ರ ಸರ್ಕಾರ 2021ರಲ್ಲಿ ಕಾಯ್ದೆ ತಂದಿದೆ. ಬಿಡದಿ, ಹಾರೋಹಳ್ಳಿ ಕಾರ್ಖಾನೆಗಳಲ್ಲಿ ಇರುವವರು ಇಎಸ್‌ಐ ಕಾರ್ಡ್ ಇದ್ದರೆ ಅಲ್ಲಿಯೂ ವಿಚಾರಿಸಿ.

ದಿನಾ ಬೆಂಗಳೂರಿಗೆ ಹೋಗಿಬರುವವರು ಹತ್ತು ಸಿಟ್ಟಿಂಗ್‌ಗೆ ಸಮಯ ಎಲ್ಲಿಂದ ತರಬೇಕು? ಇದನ್ನು ಫಿಸಿಯೊಗೆ ನೇರವಾಗಿ ಹೇಳಿ. ಹತ್ತು ದಿನ ಸತತ ಹೋಗಿ ಬಿಟ್ಟುಬಿಡುವ ಬದಲು, ಎರಡು ವಾರಕ್ಕೊಮ್ಮೆಯಂತೆ ಮೂರು ತಿಂಗಳು ಹೋಗೋದು ಎಷ್ಟೋ ಗಾಯಗಳಿಗೆ ಹೆಚ್ಚು ಉಪಯೋಗ. ನಡುವೆ ಮನೆಯಲ್ಲಿ ಮಾಡಿದ್ದನ್ನು ಮೊಬೈಲಿನಲ್ಲಿ ಬರೆದಿಡಿ.

ಮನೆಯವರ ಮಾತೂ ಒಂದಿದೆ. ‘ಆಟ ಬಿಟ್ಟುಬಿಡು, ಸಂಬಳ ಬರ್ತಿದೆ ತಾನೆ?’ ಹುಡುಗರಿಗೆ ಇದನ್ನು ಪೆಟ್ಟಾದ ಮೇಲೆ ಹೇಳ್ತಾರೆ, ಹುಡುಗಿಯರಿಗೆ ಪೆಟ್ಟಾಗುವ ಮೊದಲೇ. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟು ಹರಿಯುವ ಅಪಾಯ ಜಿಗಿದು ತಿರುಗುವ ಆಟಗಳಲ್ಲಿ ಹೆಣ್ಣುಮಕ್ಕಳಿಗೇ ಹೆಚ್ಚು. ಸರಿಯಾಗಿ ಜಿಗಿದು ಇಳಿಯೋದನ್ನು, ತೊಡೆಯ ಬಲವನ್ನು ಕಲಿಸಿದರೆ ಅದರಲ್ಲಿ ಬಹಳಷ್ಟನ್ನು ತಪ್ಪಿಸಬಹುದು. ಕಾಲೇಜಿನಲ್ಲಿ ಥ್ರೋಬಾಲ್, ಕಬಡ್ಡಿ ಆಡಿ ಮಂಡಿ ಹಾಳುಮಾಡಿಕೊಂಡು, ಮದುವೆ ಮಾತುಕತೆಗೆ ತೊಡಕಾದೀತೆಂದು ಅದನ್ನು ಮುಚ್ಚಿಟ್ಟು, ಮೂವತ್ತಕ್ಕೇ ಮೆಟ್ಟಿಲು ಇಳಿಯಲು ಹೆದರುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಿಗೂ ವ್ಯಾಯಾಮದಿಂದ ಈಗಲೂ ಉಪಯೋಗ ಇದೆ, ತಡವಾಯ್ತು ಅಂತೇನಿಲ್ಲ.

ಎಸಿಎಲ್ ಆಪರೇಷನ್ ಆದವರಿಗೆ ಒಂದು ಲೆಕ್ಕ ಹೇಳಲೇಬೇಕು. ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳೋದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು. ಆರು ತಿಂಗಳಿಗೆ ಊರ ಹಬ್ಬದ ಟೂರ್ನಮೆಂಟು ಬಂದು, ‘ಒಂದೇ ಮ್ಯಾಚ್ ಮಗಾ, ರೈಡ್ ಹೋಗ್ಬೇಡ, ಸುಮ್ನೆ ಕಾರ್ನರ್‌ನಲ್ಲಿ ನಿಂತ್ಕೋ’ ಅಂತ ಗೆಳೆಯರು ಕರೆದಾಗ ನೆನಪಿಗಿರಲಿ.

ಬೆಟ್ಟಕ್ಕೆ ಮತ್ತೆ ಯಾವಾಗ?

ಇಳಿಯುವಾಗ ಮಂಡಿ ನೋಯೋದಕ್ಕೆ ಕಾರಣವಿದೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಈ ಕೆಲಸಕ್ಕೆ ಒಗ್ಗದ ಸ್ನಾಯುವಿನಲ್ಲಿ ಮರುದಿನದಿಂದ ನೋವು ಶುರುವಾಗಿ ಮೂರು ದಿನದವರೆಗೂ ಕಾಡುತ್ತೆ. ಅದು ಗಾಯವಲ್ಲ, ತಾನಾಗಿ ಹೋಗುತ್ತೆ. ಒಮ್ಮೆ ಅನುಭವಿಸಿದ ಸ್ನಾಯು ಎರಡನೇ ಸಲ ಅಷ್ಟು ನೋಯೋದಿಲ್ಲ. ಗಾಯದ ನೋವು ಹಾಗಲ್ಲ, ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿರುತ್ತೆ, ವಾರವಾದರೂ ಅಲ್ಲೇ ಕೂತಿರುತ್ತೆ.

ಗಾಯದಿಂದ ಎದ್ದವರು ಬೆಟ್ಟಕ್ಕೆ ಹೊರಡುವ ಮುಂಚೆ ಮನೆಯಲ್ಲೇ ನೋಡಿಕೊಳ್ಳಬಹುದು. ಒಂದೇ ಕಾಲಿನಲ್ಲಿ ನಿಂತು ಹಿಮ್ಮಡಿಯನ್ನು 20–25 ಸಲ ಪೂರ್ತಿ ಎತ್ತೋಕೆ ಆಗುತ್ತಾ? ಪೆಟ್ಟಾದ ಕಾಲೂ ಇನ್ನೊಂದರಷ್ಟೇ ಮಾಡುತ್ತಾ? ಒಂಟಿ ಕಾಲಿನಲ್ಲಿ ಕುಪ್ಪಳಿಸಿದ ದೂರ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇದೆಯಾ? ಮೆಟ್ಟಿಲನ್ನು ನಿಧಾನ ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಾ? ಕೊನೆಯದನ್ನು ನೀವೇ ನೋಡಿಕೊಳ್ಳೋದು ಕಷ್ಟ, ಯಾರಾದರೂ ಎದುರಿನಿಂದ ವಿಡಿಯೋ ಮಾಡಲಿ.

ಎಲ್ಲ ಸರಿ ಇದ್ದರೂ 1,226 ಮೀಟರ್ ಎತ್ತರದ ಸಾವನದುರ್ಗ ಮೊದಲ ಭಾನುವಾರಕ್ಕೆ ಬೇಡ. ಅದರ ನುಣುಪು ಬಂಡೆಯ ಇಳಿಜಾರಿನಲ್ಲಿ ನಡುವೆ ನಿಲ್ಲಿಸಿ ವಾಪಸ್ ಬರೋಕೆ ಮೆಟ್ಟಿಲಿಲ್ಲ. ಎರಡು ಮೂರು ವಾರ ಸಮತಟ್ಟು ರಸ್ತೆಯಲ್ಲಿ ಬಿರುಸಾಗಿ ನಡೆಯಿರಿ, ಆಮೇಲೆ ಮೆಟ್ಟಿಲಿರುವ ರಾಮದೇವರ ಬೆಟ್ಟಕ್ಕೆ ಹೋಗಿ ಮರುದಿನ ಬೆಳಗ್ಗೆ ಮಂಡಿ ಏನು ಹೇಳುತ್ತೆ ನೋಡಿ. ಸಾವನದುರ್ಗಕ್ಕೆ ಹೋಗುವ ದಿನ ಬೇಗ ಹೊರಟು ಬಂಡೆ ಕಾಯುವ ಮುಂಚೆ ಇಳಿದುಬಿಡಿ. ಇಳಿಯುವಾಗ ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಬಗ್ಗಿರಲಿ, ಕೈಯಲ್ಲೊಂದು ಕೋಲಿರಲಿ. ಜೊತೆಯವರು ಓಡಿ ಇಳಿದರೆ ಇಳಿಯಲಿ, ಕೆಳಗೆ ಎಳನೀರು ಕುಡೀತಾ ಕಾಯ್ತಾರೆ.